ಖಾಲಿ ತಟ್ಟೆ ವಾಪಸ್ ಕೊಡಬಾರದು

ಡಿಸೆಂಬರ್ 20 ದಾಟಿತು ಅಂದರೆ ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಬಗೆಯ ಮೆಸೇಜುಗಳ ಸುಗ್ಗಿ. 'ಆಗಿನ ಕ್ರಿಸ್‌ಮಸ್ ಈಗೆಲ್ಲಿ?' ಅಂತ ಶುರುವಾಗುತ್ತವೆ. ಪಕ್ಕದ ಮನೆಯಿಂದ ಬರುತ್ತಿದ್ದ ತಿಂಡಿ ತಟ್ಟೆ, ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರ, ಗೋದಲಿಗೆ ಹುಲ್ಲು ಪಾಚಿ ತರಲು ಗುಡ್ಡೆಗೆ ಹೋಗುತ್ತಿದ್ದ ಮಕ್ಕಳ ದಂಡು. ಕೊನೆಗೆ 'ಈಗ ಎಲ್ಲರೂ ಮೊಬೈಲಿನಲ್ಲಿ ಮುಳುಗಿದ್ದಾರೆ' ಅನ್ನುವ ನಿಟ್ಟುಸಿರು. ಅದನ್ನು ನಾವು ಮೊಬೈಲಿನಲ್ಲೇ ಓದಿ, ಮೊಬೈಲಿನಲ್ಲೇ ಕೈಮುಗಿದು, ಇನ್ನೊಂದು ಗ್ರೂಪಿಗೆ ದಾಟಿಸುತ್ತೇವೆ.

ನಾನೂ ಬರೆದವನೇ. ನಾಲ್ಕು ವರ್ಷದ ಹಿಂದೆ, ಆಫೀಸಿನಲ್ಲಿ ಕೆಲಸ ಕಮ್ಮಿ ಇದ್ದ ಒಂದು ಮಧ್ಯಾಹ್ನ, ಬಾಯಮ್ಮನ ಮನೆಯ ಕ್ರಿಸ್‌ಮಸ್ ಬಗ್ಗೆ ಉದ್ದಕ್ಕೆ ಒಂದು ಬರೆದು ಹಾಕಿದೆ. ನಮ್ಮದು ಬೆಳ್ತಂಗಡಿ ತಾಲ್ಲೂಕು. ನಮ್ಮ ಅಡಿಕೆ ತೋಟ ಮುಗಿಯುವಲ್ಲಿ ಒಂದು ತೋಡು, ತೋಡಿಗೊಂದು ಸಂಕ, ಸಂಕದಾಚೆ ಬಾಯಮ್ಮನ ಮನೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಅಂತಲೇ ಕರೆಯುವುದು. ಅವರ ನಿಜವಾದ ಹೆಸರು ನನಗೆ ಗೊತ್ತಾದದ್ದು ಓದಲು ಕಲಿತ ಮೇಲೆ. ತಿಂಡಿ ಬರುತ್ತಿದ್ದ ಸ್ಟೀಲಿನ ತಟ್ಟೆಯ ಅಂಚಿನಲ್ಲಿ ಅದನ್ನು ಕೊರೆಸಿದ್ದರು. ಕ್ರಿಸ್‌ಮಸ್ಸಿಗೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಕೊಂಕಣಿಯಲ್ಲಿ ಕುಸ್ವಾರ್ ಅನ್ನುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ ಅಂತ ನಾನು ಒಂದೊಂದೇ ಹೆಸರು ಹಿಡಿದು ಬರೆದೆ. ನಾವು ಮಕ್ಕಳು ಕಿತ್ತಾಡಿಕೊಂಡು ತಿಂದದ್ದು ಬರೆದೆ. ಧರ್ಮದ ಗೋಡೆ ಇಲ್ಲದ ಆ ದಿನಗಳು ಮರಳಿ ಬರಬಹುದೇ ಅಂತ ಮುಗಿಸಿದೆ. ಚೆನ್ನಾಗಿಯೇ ಓಡಿತು. ನಾನು ಬರೆದದ್ದು ನನಗೇ ಬೇರೆ ಮೂರು ಗ್ರೂಪುಗಳಿಂದ ನನ್ನ ಹೆಸರಿಲ್ಲದೆ ವಾಪಸ್ ಬಂತು.

ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಕೇಳಿದಳು: "ಚಂದ ಬರೆದಿದ್ದಿ. ಬಾಯಮ್ಮನಲ್ಲಿಗೆ ನೀನು ಹೋಗದೆ ಎಷ್ಟು ವರ್ಷ ಆಯ್ತು?"

ಲೆಕ್ಕ ಹಾಕಿದೆ. ಒಂಬತ್ತು. ಆ ಒಂಬತ್ತು ವರ್ಷವೂ ಡಿಸೆಂಬರಿನಲ್ಲಿ ನಾನು ಊರಲ್ಲೇ ಇದ್ದೆ ಅನ್ನುವುದು ಇನ್ನೂ ಬೇಜಾರಿನ ವಿಷಯ. ಅಮೆರಿಕದ ಕ್ಲೈಂಟ್ ಇರುವ ಸಾಫ್ಟ್‌ವೇರಿನವರಿಗೆ ಇದು ಗೊತ್ತು: ವರ್ಷದ ಕೊನೆಯ ವಾರ 'ಕೋಡ್ ಫ್ರೀಜ್', ಹೊಸದೇನನ್ನೂ ಬಿಡುಗಡೆ ಮಾಡುವ ಹಾಗಿಲ್ಲ. ಅವರ ಕ್ರಿಸ್‌ಮಸ್ಸಿನಿಂದಾಗಿ ನನಗೆ ರಜೆ. ಆ ರಜೆಯಲ್ಲಿ ಊರಿಗೆ ಹೋಗಿ, ತೋಡಿನ ಈಚೆ ಬದಿ ಜಗಲಿಯಲ್ಲಿ ಕೂತು, ಆಚೆ ಬದಿಯ ನಕ್ಷತ್ರದ ಬೆಳಕು ನೋಡಿ, 'ಮೊದಲಿನ ಹಾಗಿಲ್ಲ ಮಾರಾಯ' ಅಂತ ಅಣ್ಣನ ಹತ್ತಿರ ಹೇಳಿ, ಬೆಂಗಳೂರಿಗೆ ವಾಪಸ್ ಬರುತ್ತಿದ್ದೆ. ಸಂಕ ದಾಟಲು ಬೇಕಾದದ್ದು ಎರಡು ನಿಮಿಷ.

ಅಮ್ಮನ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು. ಹಳೆಯ ಕ್ರಿಸ್‌ಮಸ್ಸಿನ ನೆನಪಿಗೆ ಇಂಗ್ಲಿಷಿನಲ್ಲಿ ಹೆಸರುವಾಸಿಯಾದ ಬರಹಗಳಿವೆ. ಅವುಗಳಲ್ಲಿ ಮೂರನ್ನು ಆಮೇಲಿನ ದಿನಗಳಲ್ಲಿ ಒಂದಾದ ಮೇಲೊಂದು ಓದಿದೆ, ಹೆಚ್ಚಾಗಿ ಊರಿನ ಬಸ್ಸಿನಲ್ಲಿ. ಓದುವಾಗೆಲ್ಲ ಕೈಯಲ್ಲಿದ್ದದ್ದು ಅಮ್ಮನ ಪ್ರಶ್ನೆಯೇ: ಇಷ್ಟೆಲ್ಲ ನೆನಪು ಮಾಡಿಕೊಳ್ಳುವವನು ಯಾರ ಮನೆಗೆ ಹೋದ? ಹಾಗೆ ಕೇಳಿ ಓದಿದರೆ ಈ ಪುಸ್ತಕಗಳು ಬೇರೆಯೇ ಆಗಿ ಕಾಣುತ್ತವೆ.

*

ಮೊದಲನೆಯದು ವಾಷಿಂಗ್ಟನ್ ಇರ್ವಿಂಗನದ್ದು. ಅಮೆರಿಕದವನು. ಇಂಗ್ಲೆಂಡಿನಲ್ಲಿದ್ದಾಗ 'ದ ಸ್ಕೆಚ್ ಬುಕ್' ಅನ್ನುವ ಪುಸ್ತಕವನ್ನು 1819-20ರಲ್ಲಿ ಕಂತು ಕಂತಾಗಿ ಹೊರತಂದ. ರಿಪ್ ವ್ಯಾನ್ ವಿಂಕಲ್‌ನ ಕಥೆ ಇರುವುದೂ ಅದರಲ್ಲೇ. ಅದರಲ್ಲಿ ಐದು ಬರಹಗಳು ಕ್ರಿಸ್‌ಮಸ್ಸಿಗೆ ಸೇರಿದವು. ನಿರೂಪಕ ಯಾರ್ಕ್‌ಶೈರಿನಲ್ಲಿ ಕುದುರೆಗಾಡಿಯ ಪ್ರಯಾಣ ಮಾಡುತ್ತಾ ಹಳೆಯ ಗೆಳೆಯನೊಬ್ಬನನ್ನು ಕಂಡು, ಅವನ ಅಪ್ಪನ ದೊಡ್ಡ ಬಂಗಲೆಗೆ ಹಬ್ಬಕ್ಕೆ ಹೋಗುತ್ತಾನೆ. ಆ ಅಪ್ಪನೇ ಸ್ಕ್ವೈರ್ ಬ್ರೇಸ್‌ಬ್ರಿಜ್. ನಮ್ಮ ಲೆಕ್ಕದಲ್ಲಿ ಗುತ್ತಿನ ಯಜಮಾನ ಅನ್ನಿ. ಈಗಿನ ಕಾಲ ಕೆಟ್ಟಿತು, ಹಳೆಯ ಪದ್ಧತಿಗಳನ್ನು ಬಿಟ್ಟದ್ದರಿಂದಲೇ ಹಳ್ಳಿಯ ಜನಕ್ಕೂ ದೊಡ್ಡವರಿಗೂ ನಂಟು ತಪ್ಪಿತು ಅಂತ ಆತನ ವಾದ. ಹಾಗಾಗಿ ತನ್ನ ಮನೆಯಲ್ಲಿ ಹಳೆಯ ಹಾಡು, ಹಳೆಯ ಆಟ, ಹಳೆಯ ಅಡುಗೆ ಎಲ್ಲವನ್ನೂ ಹಿಡಿದು ಮಾಡಿಸುತ್ತಾನೆ.

ಗಮನಿಸಿ, ಇದು 1820. 'ಮೊದಲಿನ ಕ್ರಿಸ್‌ಮಸ್ ಈಗಿಲ್ಲ' ಅನ್ನುವ ಮಾತಿಗೆ ಆಗಲೇ ವಯಸ್ಸಾಗಿತ್ತು. ರೈಲು ಇಲ್ಲ, ಫೋನಿಲ್ಲ, ಟಿವಿ ಇಲ್ಲ. ದೂರಲು ಮೊಬೈಲಂತೂ ಇಲ್ಲವೇ ಇಲ್ಲ. ಆದರೂ ಜನ ಮೊದಲಿನ ಹಾಗೆ ಬೆರೆಯುವುದಿಲ್ಲ ಅನ್ನುವ ಕೊರಗು ಹಾಗೇ ಇದೆ.

ಇರ್ವಿಂಗ್ ಮೆಲುದನಿಯ ಬರಹಗಾರ. ಯಜಮಾನನ ಮೇಲೆ ಅವನಿಗೆ ಪ್ರೀತಿ ಇದೆ. ಆದರೂ ಎರಡು ವಿವರಗಳನ್ನು ಅವನು ಬಚ್ಚಿಡುವುದಿಲ್ಲ. ಒಂದು ನಗು ಬರಿಸುವಂಥದ್ದು. ಹಬ್ಬದ ಊಟಕ್ಕೆ ಹಳೆಯ ಸಂಪ್ರದಾಯದ ಪ್ರಕಾರ ನವಿಲಿನ ಮಾಂಸದ ಪೈ ಆಗಬೇಕು. ಮೇಜಿಗೆ ಬಂದದ್ದು ನವಿಲುಗರಿ ಸಿಕ್ಕಿಸಿದ ಪೈ. ಒಳಗೆ ಮಾತ್ರ ಬೇರೆ ಹಕ್ಕಿ. ಈ ವರ್ಷ ನವಿಲುಗಳು ತುಂಬಾ ಸತ್ತವು, ಇನ್ನೊಂದನ್ನು ಕೊಲ್ಲಲು ಮನಸ್ಸಾಗಲಿಲ್ಲ ಅಂತ ಯಜಮಾನ ಸ್ವಲ್ಪ ತಡವರಿಸಿಯೇ ಒಪ್ಪಿಕೊಳ್ಳುತ್ತಾನೆ. ನನ್ನ ವಾಟ್ಸಾಪ್ ಬರಹದಲ್ಲೂ ಅಂಥದೊಂದು ಗರಿ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯದು ನಗುವಂಥದ್ದಲ್ಲ. ಕೆಲವು ವರ್ಷ ಹಿಂದೆ ಯಜಮಾನ ನಿಜವಾಗಿಯೂ ಹಳೆಯ ಕಾಲದ ಹಾಗೆ ಮನೆಬಾಗಿಲು ತೆರೆದಿಟ್ಟಿದ್ದನಂತೆ, ಯಾರು ಬೇಕಾದರೂ ಬರಲಿ ಅಂತ. ಬಂದರು. ಸೀಮೆಯ ಭಿಕ್ಷುಕರು, ಅಲೆಮಾರಿಗಳು ಎಲ್ಲ ಬಂದರು. ಹಳ್ಳಿಯ ಜನಕ್ಕೂ ಈ ಆತಿಥ್ಯದ ನಾಟಕದಲ್ಲಿ ತಮ್ಮ ಪಾತ್ರ ಹೇಗೆ ಮಾಡಬೇಕು ಅಂತ ತಿಳಿಯಲಿಲ್ಲ. ಅಲ್ಲಿಗೆ ಯಜಮಾನ ಬಾಗಿಲು ಕಿರಿದು ಮಾಡಿದ. ಅಕ್ಕಪಕ್ಕದ ರೈತರಲ್ಲಿ ಮರ್ಯಾದಸ್ಥರಿಗೆ ಮಾತ್ರ ಕರೆ. ಬಡವರಿಗೆ ಮಾಂಸ, ಬ್ರೆಡ್ಡು, ಬಿಯರು ಹಂಚಿದರಾಯಿತು.

ನನಗೆ ಇಡೀ ಪುಸ್ತಕದ ಬೀಗದ ಕೈ ಇಲ್ಲಿದೆ ಅನಿಸುತ್ತದೆ. ಎಲ್ಲರೂ ಬೆರೆಯುತ್ತಿದ್ದ ಕಾಲ ಹೋಯಿತು ಅಂತ ಅಳುವವನೇ ಬಾಗಿಲು ಹಾಕಿದವನು. ಅವನಿಗೆ ಬೇಕಿದ್ದದ್ದು ಬೆರೆಯುವ ನೋಟ. ಬೆರೆತಾಗ ಆಗುವ ಗಲಾಟೆ ಬೇಡ. ಇರ್ವಿಂಗ್ ಇದನ್ನು ಬರೆದ, ಆದರೆ ಅಲ್ಲಿ ನಿಲ್ಲಲಿಲ್ಲ. ಒಂದು ಪ್ಯಾರಾದಲ್ಲಿ ಮುಗಿಸಿ ಊಟಕ್ಕೆ ಹೋದ. ಪುಸ್ತಕ ಎಷ್ಟು ಚಂದವಿದ್ದರೂ ಅದರ ಸೋಲು ಅದೇ.

*

'ಹಳೆಯದೇ ಒಳ್ಳೆಯದಿತ್ತು' ಅನ್ನುವ ಮಾತಿನ ಬೆನ್ನು ಹಿಡಿದು ಹೋದವರು ರೇಮಂಡ್ ವಿಲಿಯಮ್ಸ್. ವೇಲ್ಸ್‌ನ ಗಡಿಯ ಹಳ್ಳಿಯಲ್ಲಿ ರೈಲ್ವೆ ಸಿಗ್ನಲ್‌ಮನ್ನಿನ ಮಗನಾಗಿ ಹುಟ್ಟಿದವರು. 1973ರ 'ದ ಕಂಟ್ರಿ ಆ್ಯಂಡ್ ದ ಸಿಟಿ' ಪುಸ್ತಕದಲ್ಲಿ ಅವರು ಇದನ್ನು ಎಸ್ಕಲೇಟರಿಗೆ ಹೋಲಿಸುತ್ತಾರೆ. ಹಳ್ಳಿಯ ಒಳ್ಳೆಯ ಕಾಲ ನಮ್ಮ ಬಾಲ್ಯದಲ್ಲಿತ್ತು ಅನ್ನುತ್ತೇವೆ. ಆ ಕಾಲದ ಪುಸ್ತಕ ತೆಗೆದರೆ ಅವರು ಅವರ ಬಾಲ್ಯವನ್ನು ತೋರಿಸುತ್ತಾರೆ. ಅಲ್ಲಿಗೆ ಹೋದರೆ ಇನ್ನೂ ಹಿಂದೆ. ಮೆಟ್ಟಿಲು ಹಿಂದಕ್ಕೆ ಹೋಗುತ್ತಲೇ ಇರುತ್ತದೆ, ಕೊನೆಗೆ ಈಡನ್ ತೋಟಕ್ಕೆ ಮುಟ್ಟುತ್ತದೆ.

ಇದನ್ನು ಓದಿದಾಗ ನನಗೆ ಖುಷಿಯಾಯಿತು, ಎಂಜಿನಿಯರಿಗೆ ಬಗ್ ಎಲ್ಲಿದೆ ಅಂತ ಸಿಕ್ಕಾಗ ಆಗುವ ಖುಷಿ. ಅಂದರೆ ಎಲ್ಲಾ ಭ್ರಮೆ, ಕಳೆದುಹೋದದ್ದು ಏನೂ ಇಲ್ಲ, ಅಮ್ಮನ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲ! ವಿಲಿಯಮ್ಸ್ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಒಂದೊಂದು ಕಾಲದ ಕೊರಗಿಗೂ ಒಂದೊಂದು ಬೇರೆ ಅರ್ಥ ಇರುತ್ತದೆ, ಅದನ್ನು ಕೇಳಿ ಅನ್ನುತ್ತಾರೆ. ನಮ್ಮೂರಿನಲ್ಲೂ ಹಾಗೆ. ಬಾಯಮ್ಮನ ದೊಡ್ಡ ಮಗ ಕುವೈತಿನಲ್ಲಿ, ಸಣ್ಣವ ಮುಂಬೈಯಲ್ಲಿ, ಮಗಳು ಮಂಗಳೂರಿನಲ್ಲಿ. ನಾನು ಬೆಂಗಳೂರಿನಲ್ಲಿ. ತೋಡಿನ ಎರಡೂ ಬದಿಯ ಮನೆಗಳಲ್ಲಿ ಉಳಿದದ್ದು ಮಂಡಿನೋವಿನವರು. ಇದು ಎಸ್ಕಲೇಟರ್ ಅಲ್ಲ, ಕಣ್ಣಿಗೆ ಕಾಣುವ ಲೆಕ್ಕ. ಕಳೆದುಹೋದದ್ದು ನಿಜವೇ. ಕಳೆದವರು ಯಾರು ಅನ್ನುವುದು ಪ್ರಶ್ನೆ.

*

ಎರಡನೆಯ ಪುಸ್ತಕ ಎಲ್ಲರಿಗೂ ಗೊತ್ತಿರುವ ಡಿಕನ್ಸನ 'ಎ ಕ್ರಿಸ್‌ಮಸ್ ಕ್ಯಾರಲ್'. 1843ರ ಡಿಸೆಂಬರ್ 19ಕ್ಕೆ ಬಂತು. ಮೊದಲ ಮುದ್ರಣದ 6000 ಪ್ರತಿ ಹಬ್ಬದ ಹಿಂದಿನ ದಿನಕ್ಕೆ ಖಾಲಿ. ಜಿಪುಣ ಸ್ಕ್ರೂಜ್, ಮೂರು ಭೂತಗಳು, ಕೊನೆಗೆ ಮನಸ್ಸು ಬದಲಾಗುವುದು. ಕಥೆ ನಮಗೆ ಕಾರ್ಟೂನಿನಿಂದಲೂ ಗೊತ್ತು. ಆದರೆ ತುಳುನಾಡಿನವನಿಗೆ ಇದನ್ನು ಓದಲು ಒಂದು ಅನುಕೂಲ ಇದೆ. ನಮಗೆ ಭೂತ ಅಂದರೆ ಸುಮ್ಮನೆ ಹೆದರಿಸುವಂಥದ್ದಲ್ಲ, ಲೆಕ್ಕ ಕೇಳುವಂಥದ್ದು. ಕೋಲದ ರಾತ್ರಿ ದೈವ ಮನೆಯವರನ್ನು ಕರೆದು ನಿಲ್ಲಿಸಿ, ಹಳೆಯ ಮಾತು ಎತ್ತಿ, ಅದು ಏನಾಯಿತು ಅಂತ ಕೇಳುತ್ತದೆ. ಕನ್ನಡದಲ್ಲಿ ಕಳೆದ ಕಾಲಕ್ಕೂ ಭೂತ ಅಂತಲೇ ಹೆಸರು. ಡಿಕನ್ಸನ ಮೊದಲ ಭೂತ ಎರಡೂ ಹೌದು.

ಈ ಭೂತ ಸ್ಕ್ರೂಜನನ್ನು ಬಾಲ್ಯಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಕಾಣುವುದು ಸಂಭ್ರಮ ಅಂದುಕೊಂಡರೆ ತಪ್ಪು. ಮೊದಲು ಕಾಣುವುದು ರಜೆಗೆ ಎಲ್ಲರೂ ಮನೆಗೆ ಹೋದ ಮೇಲೆ ಶಾಲೆಯಲ್ಲಿ ಒಬ್ಬನೇ ಉಳಿದ ಹುಡುಗ. ಪುಸ್ತಕದೊಳಗಿನ ಆಲಿಬಾಬಾನೇ ಅವನಿಗೆ ಜೊತೆ. ಮುದುಕ ಸ್ಕ್ರೂಜ್ ಅದನ್ನು ನೋಡಿ ಅಳುತ್ತಾನೆ. ಅತ್ತು ಮುಗಿಸಿ ಏನು ಹೇಳುತ್ತಾನೆ? ನಿನ್ನೆ ರಾತ್ರಿ ತನ್ನ ಬಾಗಿಲಿಗೆ ಹಾಡಲು ಬಂದ ಹುಡುಗನಿಗೆ ಏನಾದರೂ ಕೊಡಬೇಕಿತ್ತು ಅನ್ನುತ್ತಾನೆ. ಮುಂದೆ ಸತ್ತುಹೋದ ತಂಗಿ ಕಾಣುತ್ತಾಳೆ. ಅವಳಿಗೊಬ್ಬ ಮಗನಿದ್ದಾನಲ್ಲ ಅಂತ ಭೂತ ನೆನಪಿಸುತ್ತದೆ. ನಿನ್ನೆ ತಾನೇ ಊಟಕ್ಕೆ ಕರೆಯಲು ಬಂದು ಬೈಸಿಕೊಂಡು ಹೋದ ಸೋದರಳಿಯ. ಆಮೇಲೆ ಹಳೆಯ ಧಣಿ ಫೆಜಿವಿಗ್ಗನ ಮನೆಯ ಕುಣಿತ. ಅದು ಮುಗಿದಾಗ ತನ್ನ ಗುಮಾಸ್ತನ ಹತ್ತಿರ ಈಗಲೇ ಒಂದೆರಡು ಮಾತಾಡಬೇಕು ಅನಿಸುತ್ತದೆ.

ಮೂರು ನೆನಪು. ಮೂರಕ್ಕೂ ಈಗ ಬದುಕಿರುವ ಒಬ್ಬೊಬ್ಬ ಮನುಷ್ಯ ಜೋಡಿ. ಡಿಕನ್ಸ್ ನೆನಪನ್ನು ಎಲ್ಲಿಯೂ ಸುಮ್ಮನೆ ಚಪ್ಪರಿಸಲು ಬಿಡುವುದಿಲ್ಲ. ಹನ್ನೆರಡನೆಯ ವಯಸ್ಸಿಗೆ, ಅಪ್ಪ ಸಾಲಕ್ಕೆ ಜೈಲಿನಲ್ಲಿದ್ದಾಗ, ಬೂಟ್ ಪಾಲಿಶಿನ ಕಾರ್ಖಾನೆಯಲ್ಲಿ ಡಬ್ಬಿಗೆ ಲೇಬಲ್ ಅಂಟಿಸಿದ ಮನುಷ್ಯ ಆತ. ಬಾಲ್ಯ ಅಂದರೆ ಬರೀ ಸಿಹಿ ಅನ್ನುವ ಭ್ರಮೆ ಅವನಿಗಿರಲು ಕಾರಣವೇ ಇಲ್ಲ.

ಫೆಜಿವಿಗ್ಗನ ಕುಣಿತಕ್ಕೆ ಬಂದವರ ಪಟ್ಟಿಯನ್ನು ನಿಧಾನಕ್ಕೆ ಓದಿ. ಧಣಿಯ ಹೆಣ್ಣುಮಕ್ಕಳು, ಕೆಲಸದವಳು, ಅಡುಗೆಯವಳು, ಹಾಲಿನವನು ಬರುತ್ತಾರೆ. ಅವರ ನಡುವೆ ಎದುರುಮನೆಯ ಧಣಿಯ ಹತ್ತಿರ ಹೊಟ್ಟೆತುಂಬ ಊಟ ಸಿಗದ ಹುಡುಗ, ಯಜಮಾನಿಯ ಕೈಲಿ ಕಿವಿ ಹಿಂಡಿಸಿಕೊಂಡ ಪಕ್ಕದ ಹುಡುಗಿ. ಇರ್ವಿಂಗನ ಯಜಮಾನ ಯಾರನ್ನು ಹೊರಗಿಟ್ಟನೋ ಅಂಥವರೇ ಇಲ್ಲಿ ಒಳಗೆ ಕುಣಿಯುತ್ತಿದ್ದಾರೆ. ಇದಕ್ಕೆ ಆದ ಖರ್ಚು ಮೂರು ನಾಲ್ಕು ಪೌಂಡ್ ಅಷ್ಟೇ ಅಲ್ಲವಾ ಅಂತ ಭೂತ ಬೇಕಂತಲೇ ಕೆಣಕುತ್ತದೆ. ಧಣಿ ಕೊಟ್ಟ ಖುಷಿಯನ್ನು ದುಡ್ಡಿನಲ್ಲಿ ಅಳೆಯಲಾಗದು ಅಂತ ಸ್ಕ್ರೂಜ್ ತಾನಾಗಿಯೇ ವಾದಕ್ಕೆ ಇಳಿಯುತ್ತಾನೆ.

ಈ ಪುಸ್ತಕದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಕೊನೆಯ ಭಾಗದ ಒಂದು ಸಣ್ಣ ವಿಷಯ. ಬದಲಾದ ಸ್ಕ್ರೂಜ್ ಗುಮಾಸ್ತನ ಮನೆಗೆ ಟರ್ಕಿ ಕೋಳಿ ಕಳಿಸುತ್ತಾನೆ, ಯಾರು ಕಳಿಸಿದ್ದು ಅಂತ ಗೊತ್ತಾಗದ ಹಾಗೆ. ಅದು ಸುಲಭ. ನಮ್ಮ ಆಫೀಸಿನಲ್ಲೂ ಪ್ರತಿ ವರ್ಷ ಸೀಕ್ರೆಟ್ ಸಾಂಟಾ ಮಾಡುತ್ತಾರೆ. 500 ರೂಪಾಯಿಯೊಳಗಿನ ಉಡುಗೊರೆ, ಆನ್‌ಲೈನಿನಲ್ಲಿ ಆರ್ಡರ್ ಮಾಡಿದರೆ ಮುಗಿಯಿತು, ಯಾರ ಮುಖ ನೋಡಿ ಮಾತಾಡುವ ಕಷ್ಟವೂ ಇಲ್ಲ. ಆದರೆ ಸೋದರಳಿಯನ ಮನೆಗೆ ಸ್ಕ್ರೂಜ್ ತಾನೇ ಹೋಗಬೇಕು. ಅಲ್ಲಿ ಬಾಗಿಲು ತಟ್ಟುವ ಧೈರ್ಯ ಸಾಲದೆ ಹತ್ತು ಹನ್ನೆರಡು ಸಲ ಆ ಬಾಗಿಲ ಮುಂದೆಯೇ ಹೋಗುತ್ತಾ ಬರುತ್ತಾ ಇರುತ್ತಾನೆ. ಭೂತಗಳನ್ನು ಎದುರಿಸಿದವನು ಒಂದು ಬಾಗಿಲಿಗೆ ಹೆದರಿದ. ಇದನ್ನು ಬಲ್ಲವನೇ ಒಳ್ಳೆಯ ಲೇಖಕ.

*

ಮೂರನೆಯದು ಡಿಲನ್ ಥಾಮಸ್‌ನ 'ಎ ಚೈಲ್ಡ್ಸ್ ಕ್ರಿಸ್‌ಮಸ್ ಇನ್ ವೇಲ್ಸ್'. ಮೊದಲು 1945ರಲ್ಲಿ ಬಿಬಿಸಿ ರೇಡಿಯೋಗೆ ಓದಿದ ಒಂದು ಮಾತಿನಿಂದ ಬೆಳೆದದ್ದು. 1952ರಲ್ಲಿ ನ್ಯೂಯಾರ್ಕಿನಲ್ಲಿ ಅವನೇ ಓದಿ ಧ್ವನಿಮುದ್ರಿಸಿದ, ಮರುವರ್ಷ ತೀರಿಹೋದ. ಸ್ವಾನ್‌ಸಿ ಅನ್ನುವ ಕಡಲ ಬದಿಯ ಊರು, ಹಿಮ, ಬೆಕ್ಕುಗಳಿಗೆ ಎಸೆಯಲು ಹಿಮದುಂಡೆ ಹಿಡಿದು ಕೂತ ಹುಡುಗರು, ಉಂಡು ನಿದ್ದೆ ಹೋಗುವ ಮಾವಂದಿರು. ಮೂರರಲ್ಲಿ ಓದಲು ಹೆಚ್ಚು ಖುಷಿ ಕೊಡುವುದು ಇದೇ. ನಮ್ಮ ವಾಟ್ಸಾಪ್ ಬರಹಗಳು ತಮಗೆ ಗೊತ್ತಿಲ್ಲದೆಯೇ ಇದರ ದೂರದ ನೆಂಟರು.

ಥಾಮಸ್ ನೆನಪನ್ನು ನಂಬಿ ಅನ್ನುವುದಿಲ್ಲ. ಎಷ್ಟು ದಿನ ಹಿಮ ಬಿತ್ತು, ಆಗ ತನಗೆಷ್ಟು ವಯಸ್ಸು ಅನ್ನುವ ಎರಡು ಲೆಕ್ಕ ತಲೆಯಲ್ಲಿ ಅದಲುಬದಲಾಗಿವೆ ಅಂತ ಮೊದಲೇ ಒಪ್ಪಿಕೊಳ್ಳುತ್ತಾನೆ. ನಡುವೆ ಒಬ್ಬ ಚಿಕ್ಕ ಹುಡುಗನನ್ನು ತಂದು ಪ್ರಶ್ನೆ ಕೇಳಿಸುತ್ತಾನೆ. ಹೋದ ವರ್ಷವೂ ಹಿಮ ಬಿದ್ದಿತ್ತಲ್ಲ ಅಂತ ಹುಡುಗ ಅಡ್ಡ ಬಾಯಿ ಹಾಕುತ್ತಾನೆ. ಅದು ಆ ಥರದ ಹಿಮ ಅಲ್ಲ ಅಂತ ದೊಡ್ಡವನು ತನ್ನ ಕಾಲದ ಹಿಮವನ್ನು ಇನ್ನಷ್ಟು ದೊಡ್ಡದು ಮಾಡಿ ಹೇಳುತ್ತಾನೆ. ನಮ್ಮ ಕಾಲದ ಮಳೆ ಮಳೆಯೇ ಬೇರೆ ಅನ್ನುವ ನಮ್ಮ ಅಜ್ಜಂದಿರ ಹಾಗೆಯೇ. ನಾವು ನಗುತ್ತೇವೆ. ಹುಡುಗನಿಗೆ ಅವನದೇ ಹಿಮ ಸಾಕಾಗಿತ್ತು ಅನ್ನುವುದೂ ನಮಗೆ ತಿಳಿಯುತ್ತದೆ.

ಕೊನೆಗೆ ಒಂದು ರಾತ್ರಿ. ಹುಡುಗರು ಹಾಡು ಹೇಳಲು ಕತ್ತಲೆಯಲ್ಲಿ ಉದ್ದದ ದಾರಿ ಹಿಡಿದು ಒಂದು ದೊಡ್ಡ ಮನೆಗೆ ಹೋಗುತ್ತಾರೆ. ದೀಪ ಇಲ್ಲ. ಒಬ್ಬರಿಗೊಬ್ಬರು ಅಂಟಿಕೊಂಡು ಹಾಡಲು ಶುರು ಮಾಡುತ್ತಾರೆ. ಆಗ ಬಾಗಿಲಿನ ಆಚೆಯಿಂದ, ಬೀಗದ ಕಿಂಡಿಯಲ್ಲಿ, ತುಂಬಾ ದಿನ ಮಾತಾಡದೆ ಒಣಗಿದಂಥ ಒಂದು ಸಣ್ಣ ದನಿ ಅವರ ಹಾಡಿಗೆ ಸೇರಿಕೊಳ್ಳುತ್ತದೆ. ಹುಡುಗರು ಓಟ ಕೀಳುತ್ತಾರೆ. ಮನೆಗೆ ಬಂದು ಬೆಚ್ಚಗೆ ಕೂತು, ಅದು ದೆವ್ವ ಇರಬಹುದು ಅಂತ ಮಾತಾಡಿ, ತಿನ್ನಲು ಏನಾದರೂ ಉಳಿದಿದೆಯಾ ಅಂತ ನೋಡುತ್ತಾರೆ.

ಅಷ್ಟೇ. ಥಾಮಸ್ ಅಲ್ಲಿ ಯಾವ ಮಾತೂ ಸೇರಿಸುವುದಿಲ್ಲ. ಇಡೀ ಊರು ಒಂದಾಗಿ ಹಬ್ಬ ಮಾಡಿತು ಅನ್ನುವ ಬರಹದೊಳಗೆ, ದೀಪ ಹಚ್ಚದೆ ಒಬ್ಬರೇ ಕೂತ ಒಬ್ಬರಿದ್ದರು. ಅವರಿಗೂ ಹಾಡು ಗೊತ್ತಿತ್ತು. ಸೇರಿಕೊಂಡದ್ದಕ್ಕೆ ಮಕ್ಕಳು ಓಡಿಹೋದರು. ಈ ಭಾಗವನ್ನು ಮೊದಲ ಸಲ ತಮಾಷೆಯಾಗಿ ಓದಿದೆ. ಎರಡನೆಯ ಸಲ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಓದಿದಾಗ ಮೊಬೈಲ್ ಆಫ್ ಮಾಡಿ ಇಟ್ಟೆ. ಬೀಗದ ಕಿಂಡಿಯ ಆಚೆಗಿನವರಿಗೂ ಒಂದು ಬಾಲ್ಯದ ಕ್ರಿಸ್‌ಮಸ್ ಇದ್ದಿರಬೇಕಲ್ಲ. ಅದನ್ನು ಬರೆದವರು ಯಾರು?

*

ಈಗ ನನ್ನ ಬರಹಕ್ಕೆ ಬರೋಣ. ಇನ್ನೊಬ್ಬರ ಪುಸ್ತಕಗಳನ್ನು ಅಳೆದ ಕೋಲಿನಿಂದ ನನ್ನದನ್ನೂ ಅಳೆಯಬೇಕು.

ಧರ್ಮದ ಗೋಡೆ ಇರಲಿಲ್ಲ ಅಂತ ಬರೆದೆ. ಇತ್ತು. ಬಾಯಮ್ಮನ ತಟ್ಟೆಯನ್ನು ನನ್ನ ಅಜ್ಜಿ ಒಳಗೆ ತರಲು ಬಿಡುತ್ತಿರಲಿಲ್ಲ. ಜಗಲಿಯ ತುದಿಯಲ್ಲಿ ಇಡಬೇಕು, ಮಕ್ಕಳು ಅಲ್ಲೇ ತಿಂದು ಕೈಬಾಯಿ ತೊಳೆದು ಒಳಗೆ ಬರಬೇಕು. ದೊಡ್ಡವರು ಯಾರೂ ಮುಟ್ಟುತ್ತಿರಲಿಲ್ಲ. ಉಳಿದದ್ದು ತೋಟದ ಕೆಲಸದವರಿಗೆ. ಇದು ನನಗೆ ನೆನಪಿರಲಿಲ್ಲ ಅಂತಲ್ಲ. ಚೆನ್ನಾಗಿ ನೆನಪಿತ್ತು. ಬರೆಯುವಾಗ ಬಿಟ್ಟೆ, ಯಾಕೆಂದರೆ ಅದು ಬಂದರೆ ಮೆಸೇಜು ಓಡುವುದಿಲ್ಲ.

ತಟ್ಟೆ ತಯಾರಾಗುವುದರ ಹಿಂದಿನ ಕೆಲಸವನ್ನೂ ಬಿಟ್ಟೆ. ನಮ್ಮದು ಮೊಟ್ಟೆ ತಿನ್ನದ ಮನೆ ಅಂತ ಬಾಯಮ್ಮ ನಮ್ಮ ಪಾಲಿನದ್ದನ್ನು ಬೇರೆಯಾಗಿ, ಬೇರೆ ಎಣ್ಣೆಯಲ್ಲಿ, ಎಲ್ಲಕ್ಕಿಂತ ಮೊದಲು ಕರಿಯುತ್ತಿದ್ದರಂತೆ. ಅದನ್ನು ಅಮ್ಮ ಹೇಳಿದ ಮೇಲೆ ತಿಳಿದದ್ದು. ಮೂವತ್ತು ದಾಟಿದ ಮೇಲೆ! ನಾವು ಮಕ್ಕಳು ತಿಂದದ್ದನ್ನು ಬರೆದೆವು. ಹೊಗೆಯ ಮುಂದೆ ಕೂತವರನ್ನು ಬರೆಯಲಿಲ್ಲ. ಬಾಲ್ಯದ ಹಬ್ಬ ಸುಲಭವಾಗಿ ಆಗುತ್ತಿತ್ತು ಅಂತ ಅನಿಸುವುದೇ ನಾವು ಆಗ ಕೆಲಸ ಮಾಡದವರಾದ್ದರಿಂದ.

ಮತ್ತೆ ಖಾಲಿ ತಟ್ಟೆ ವಾಪಸ್ ಕೊಡಬಾರದು ಅನ್ನುವ ನಿಯಮವನ್ನೂ ಬಿಟ್ಟಿದ್ದೆ. ಒಳಗೆ ಬಾರದ ಆ ತಟ್ಟೆಯನ್ನು ತೊಳೆದು, ಅದರಲ್ಲಿ ಬೆಲ್ಲ, ತೆಂಗಿನಕಾಯಿ, ಕದಳಿ ಬಾಳೆಹಣ್ಣು ಇಟ್ಟು ಕಳಿಸುವುದಕ್ಕೆ ಅಜ್ಜಿಯೇ ನಿಂತು ಹೇಳುತ್ತಿದ್ದಳು. ಅದೇ ಅಜ್ಜಿ. ಮಡಿಯೂ ಅವಳದ್ದೇ, ಬೆಲ್ಲವೂ ಅವಳದ್ದೇ. ನಮ್ಮೂರಿನ ಹಳೆಯ ಬಾಂಧವ್ಯ ಅಂದರೆ ಈ ಎರಡೂ ಸೇರಿದ್ದು. ಒಂದನ್ನು ಬಿಟ್ಟು ಬರೆದರೆ ಇನ್ನೊಂದೂ ಸುಳ್ಳಾಗುತ್ತದೆ.

*

ಅಮ್ಮ ಕೇಳಿದ ಮೇಲೂ ನನಗೆ ಮೂರು ವರ್ಷ ಬೇಕಾಯಿತು. ಏನು ಅಂತ ಹೇಳಿ ಹೋಗುವುದು? ಇಷ್ಟು ವರ್ಷ ಬಾರದವನು ಈಗ ಯಾಕೆ ಬಂದೆ ಅಂದರೆ? ಹೋದ ಡಿಸೆಂಬರ್ 24ರ ಸಂಜೆ ಅಮ್ಮ ಅಡುಗೆಮನೆಯಿಂದ ಹೆಸರು ಕೊರೆದ ಒಂದು ತಟ್ಟೆ ತಂದಳು. ಕೊನೆಯ ಸಲ ಬಂದದ್ದಂತೆ. ಅಮ್ಮನಿಗೆ ಮಂಡಿನೋವಾಗಿ ಸಂಕ ದಾಟಲಾಗದೆ ನಮ್ಮಲ್ಲೇ ಉಳಿದಿತ್ತು. ಬೆಲ್ಲ, ಕಾಯಿ, ಬಾಳೆಹಣ್ಣು ಇಟ್ಟು ಕೈಗೆ ಕೊಟ್ಟಳು. ಸಂಕದ ಈಚೆ ಸ್ವಲ್ಪ ಹೊತ್ತು ನಿಂತೆ. ಸ್ಕ್ರೂಜನಷ್ಟು ಸಲ ಅಲ್ಲ, ಆದರೂ ನಿಂತೆ.

ಬಾಯಮ್ಮ ಸೀರೆ ಉಟ್ಟು ಚಾವಡಿಯಲ್ಲಿ ಕೂತಿದ್ದರು. ಇಗರ್ಜಿಯ ಪೂಜೆ ಈಗ ನಡುರಾತ್ರಿ ಇಲ್ಲ, ಸಂಜೆಯೇ. ರಿಕ್ಷಾ ಬರಲು ಇಪ್ಪತ್ತು ನಿಮಿಷ ಇತ್ತು. ನನ್ನನ್ನು ನೋಡಿ ಅಳಲಿಲ್ಲ, ಯಾಕೆ ಬರಲಿಲ್ಲ ಅಂತ ಕೇಳಲೂ ಇಲ್ಲ. ಕೂತ್ಕೊ ಅಂದರು.

"ನನ್ನ ಬಗ್ಗೆ ಎಂತದೋ ಬರೆದಿದ್ದಿಯಂತೆ. ಮಗ ಕುವೈತಿಂದ ಫೋನಲ್ಲಿ ಓದಿ ಹೇಳಿದ."

ನಾನು ಹೌದು ಅಂದೆ.

"ಗುಳಿಯೊ ಅಂತ ಬರೆದಿದ್ದಿ. ನಾನು ನಿಮ್ಮಲ್ಲಿಗೆ ಗುಳಿಯೊ ಕಳಿಸಿದ್ದೇ ಇಲ್ಲ ಮಗಾ. ನನಗದು ಯಾವತ್ತೂ ಸರಿ ಬರ್ತಿರಲಿಲ್ಲ. ಕಲ್ಲಿನ ಹಾಗೆ ಆಗ್ತಿತ್ತು."

ಅದೇ ನನ್ನ ನವಿಲುಗರಿ. ಕುಸ್ವಾರಿನಲ್ಲಿ ಏನೇನಿರುತ್ತದೆ ಅಂತ ಗೂಗಲ್ ಮಾಡಿ ಸಿಕ್ಕ ಹೆಸರನ್ನು ಬಾಲ್ಯದ ತಟ್ಟೆಗೆ ಹಾಕಿದ್ದೆ.

ಅಜ್ಜಿಯ ವಿಷಯ ನಾನೇ ಎತ್ತಿದೆ. ನಿಮಗೆ ಬೇಜಾರಾಗುತ್ತಿರಲಿಲ್ಲವಾ ಅಂತ ಕೇಳಿದೆ. "ಆಗದೆ ಉಂಟಾ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ತಟ್ಟೆ ಖಾಲಿ ಬಂದದ್ದಿಲ್ಲ" ಅಂದರು. ಒಂದು ಇನ್ನೊಂದಕ್ಕೆ ಸಮಾಧಾನ ಅನ್ನುವ ದನಿ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರು ಅಷ್ಟೇ.

ಮೊದಲಿನ ಕ್ರಿಸ್‌ಮಸ್ ಬೇಕು ಅನಿಸುವುದಿಲ್ಲವಾ ಅಂತ ಕೇಳಿದೆ. "ಯಾರಿಗೆ ಬೇಕು ಆ ಹೊಗೆ! ಮೂರು ದಿನ ಬೆನ್ನು ನೆಟ್ಟಗಾಗ್ತಿರಲಿಲ್ಲ. ಈಗ ಬೇಕರಿಯಲ್ಲಿ ಎಲ್ಲ ಸಿಗ್ತದೆ, ಒಳ್ಳೆದೇ ಆಯ್ತು. ತಿಂಡಿಯದ್ದು ಎಂತ ಉಂಟು, ಜನ ಬಂದು ಹೋಗ್ತಾ ಇದ್ದರೆ ಸಾಕು."

ನಾನು ಹಂಬಲಿಸುತ್ತಿದ್ದ ಕಾಲ ಅವರಿಗೆ ಬೇಡವಾಗಿತ್ತು. ಅವರಿಗೆ ಬೇಕಾದದ್ದು ಈಗಲೂ ಸಾಧ್ಯವಿರುವ ವಿಷಯ. ನೆನಪಿನ ಬರಹಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ: ಕಳೆದುಹೋಗಿದೆ ಅಂತ ಅವು ಯಾವುದಕ್ಕೆ ಶೋಕ ಮಾಡುತ್ತವೋ ಅದು ಹಲವು ಸಲ ತೋಡಿನ ಆಚೆ ಬದಿ ಇನ್ನೂ ಕೂತಿರುತ್ತದೆ. ಹಳೆಯ ಕಾಲ ಸತ್ತಿತು ಅಂತ ಹೇಳಿಬಿಟ್ಟರೆ ಸಂಕ ದಾಟುವ ಕೆಲಸ ಉಳಿಯುವುದಿಲ್ಲ. ಇರ್ವಿಂಗ್ ಇದನ್ನು ಕಂಡು ದಾಟಿಹೋದ. ಥಾಮಸ್ ಕಂಡು, ಮಕ್ಕಳ ಜೊತೆ ತಾನೂ ಓಡಿಹೋದದ್ದನ್ನು ಬಚ್ಚಿಡದೆ ಬರೆದ. ಡಿಕನ್ಸ್ ಬಾಗಿಲು ತಟ್ಟಿಸಿದ. ಹಾಗಾಗಿ ಮೂರರಲ್ಲಿ ದೊಡ್ಡ ಪುಸ್ತಕ ಯಾವುದು ಅಂತ ಕೇಳಿದರೆ ನನಗೆ ಅನುಮಾನವಿಲ್ಲ, ಅದರಲ್ಲಿ ಅಲ್ಲಲ್ಲಿ ಸಕ್ಕರೆ ಜಾಸ್ತಿ ಇದ್ದರೂ.

ಅಷ್ಟರಲ್ಲಿ ರಿಕ್ಷಾ ಬಂತು. ಬಾಯಮ್ಮ ಒಳಗೆ ಹೋಗಿ ನಾನು ತಂದ ತಟ್ಟೆಯನ್ನು ಖಾಲಿ ಮಾಡಿ, ಒರೆಸಿ, ಬೇಕರಿಯ ಎರಡು ಪ್ಯಾಕೆಟ್ ಇಟ್ಟು ತಂದರು. "ಇದರಲ್ಲಿ ಮೊಟ್ಟೆ ಇಲ್ಲ, ಕೇಳಿಯೇ ತರಿಸಿದ್ದು" ಅಂದರು. ತಟ್ಟೆ ನಿಮ್ಮದೇ, ಇಲ್ಲೇ ಇರಲಿ ಅಂದೆ. ಖಾಲಿ ಕೈಯಲ್ಲಿ ಕಳಿಸುವುದು ಹೇಗೆ ಅಂತ ರಿಕ್ಷಾ ಹತ್ತಿದರು.

ಅಮ್ಮ ಪ್ಯಾಕೆಟ್ ಒಡೆದು, ಒಳಗೆ ಅಡುಗೆಮನೆಯಲ್ಲೇ ಕೂತು, ಒಂದು ನೆವ್ರಿ ತಿಂದಳು. ಆಮೇಲೆ ತಟ್ಟೆ ತೊಳೆದು ಕವುಚಿ ಹಾಕಿದಳು.

"ಇನ್ನು ಇದನ್ನು ಕೊಡ್ಲಿಕ್ಕೆ ಯಾರು ಹೋಗುದು?" ಅಂತ ಕೇಳಿದಳು.